ಎರಡು ದಿನದ ನಳಿಕೆ

೧೯೬೨ರ ದೀಪಾವಳಿ. ಜಯನಗರದ ವೃದ್ಧಾಶ್ರಮದಲ್ಲಿ ಬೋರಣ್ಣ ಅರೆನಿದ್ದೆಯಲ್ಲಿ ತೇಲುತ್ತಿದ್ದ. ಸಾರಕ್ಕಿ ಕೆರೆಯ ನೀರುಗಂಟಿಯಾಗಿದ್ದವನು. ಕನಸಿನಲ್ಲೂ ತೂಬು ಎತ್ತಿ ಗದ್ದೆಗಳಿಗೆ ನೀರು ಬಿಡುತ್ತಿದ್ದ. ಅವನ ಮೂತ್ರ ಮಾತ್ರ ನಳಿಕೆಯಿಂದ ಮಂಚದಡಿಯ ಬಾಟಲಿಗೆ ತೊಟ್ಟಿಕ್ಕುತ್ತಿತ್ತು.

ಹೊಸ ನರ್ಸ್ ಶಿವಬಸಮ್ಮ ತಪಾಸಣೆಯ ಪುಸ್ತಕ ತೆರೆದಳು. ‘ನಳಿಕೆ ಏಕೆ?’ ಎಂಬಲ್ಲಿ ‘ಹಿಂದಿನಂತೆ’ ಎಂದಿತ್ತು. ಹಿಂದಿನ ವಾರವೂ ‘ಹಿಂದಿನಂತೆ’. ಬರೆದ ಪುಣ್ಯಾತ್ಮರು ಯಾರೂ ಹಾಳೆ ತಿರುವಿರಲಿಲ್ಲ. ಅವಳು ತಿರುವುತ್ತಾ ಯುಗಾದಿಯವರೆಗೂ ಹೋದಳು. ಅಲ್ಲಿತ್ತು: ‘ಮೂತ್ರ ಕಟ್ಟಿದೆ. ಎರಡು ದಿನ ಮಾತ್ರ.’

ಡಾಕ್ಟರನ್ನು ಕೇಳಿ ನಳಿಕೆ ತೆಗೆದಳು. ಸಂಜೆ ಬೋರಣ್ಣ ಗೋಡೆ ಹಿಡಿದು ತಾನೇ ಬಚ್ಚಲಿಗೆ ಹೋಗಿ, ನಗುತ್ತಾ ಬಂದ.

“ಇಷ್ಟು ದಿನ ಯಾಕೆ ಕೇಳ್ಲಿಲ್ಲ, ತಾತ?”

“ಇಲ್ಲಿ ನೀರುಗಂಟಿ ನೀವು ಅಂತ ಸುಮ್ನಿದ್ದೆ ಕಣವ್ವ. ಇನ್ನೊಬ್ರ ತೂಬಿಗೆ ಕೈ ಹಾಕೋದುಂಟಾ?”