ಬುಟ್ಟಿಯೊಳಗೆ ಹೇಳಿದ ಹೆಸರು

ಮಧ್ಯಾಹ್ನದ ಊಟಕ್ಕೆ ಬಂದೇ ಬರುತ್ತೇನೆ ಅಂದು ಹೋದ ಹುಡುಗ ಮರುದಿನದ ಮಧ್ಯಾಹ್ನವಾದರೂ ಬರದಿದ್ದರೆ ಮನೆಯವರು ಏನು ಮಾಡುತ್ತಾರೆ? ಬಾಗಿಲು ನೋಡುತ್ತಾರೆ. ಆಮೇಲೆ ದಾರಿ ನೋಡುತ್ತಾರೆ. ಆಲ್ಬರ್ಥಾ ಅಜ್ಜಿ ಎರಡನ್ನೂ ನೋಡಿ ಸೋತು, ಜಗಲಿಯ ಕುರ್ಚಿಯಲ್ಲಿ ಕುಳಿತಲ್ಲೇ ಕಣ್ಣು ಮುಚ್ಚಿದ್ದಳು.

ಹೆರನ್ ದ್ವೀಪದಲ್ಲಿ ಆ ಹೊತ್ತಿಗೆ ಯಾರಿಗಾದರೂ ಜೊಂಪು ಹತ್ತುತ್ತದೆ. ಉಬ್ಬರ ಇಳಿದು ಜವುಗಿನ ಹುಲ್ಲಿನಿಂದ ಬಿಸಿ ಏಳುತ್ತಿರುತ್ತದೆ. ಜಗಲಿಯ ಚಾವಣಿಗೆ ತಿಳಿನೀಲಿ ಬಳಿದಿದ್ದಾರೆ. ಕೆಟ್ಟ ಗಾಳಿ ಅದನ್ನು ನೀರೆಂದು ನಂಬಿ ದಾಟದಿರಲಿ ಅಂತ. ನೆರಳು ಓಲಾಡಿದರೆ ಅದು ನಿಜವಾಗಿಯೂ ನೀರಿನ ಹಾಗೇ ಅಲುಗುತ್ತದೆ. ಆಲ್ಬರ್ಥಾಳ ಮಡಿಲಲ್ಲಿ ಅರ್ಧ ಹೆಣೆದ ಸಿಹಿಹುಲ್ಲಿನ ಬುಟ್ಟಿ ಇತ್ತು, ಕೈಯಲ್ಲಿ ಮುರಿದ ಚಮಚದ ಹಿಡಿ. ಆ ಹಿಡಿಯಿಂದ ಹುಲ್ಲಿನಲ್ಲಿ ಸಂದು ಮಾಡಿ ತಾಳೆಗರಿಯ ಎಳೆ ತೂರಿಸಿ ಬಿಗಿಯುವುದು ಅವಳ ಕಸುಬು. ಮುದುಕಿ ನಿದ್ದೆಯಲ್ಲೂ ಬುಟ್ಟಿ ಹೆಣೆಯುತ್ತಾಳೆ ಎಂದು ಊರವರು ಆಡಿಕೊಳ್ಳುತ್ತಾರೆ. ಅದು ಪೂರ್ತಿ ಸುಳ್ಳೂ ಅಲ್ಲ.

ಕನಸಿನಲ್ಲಿ ಮೊಮ್ಮಗ ಕೂಟಾ ಮೊಣಕಾಲು ಮುಳುಗುವಷ್ಟು ನೀರಿನಲ್ಲಿ ನಿಂತಿದ್ದ. ತುಟಿ ಆಡುತ್ತಿತ್ತು, ದನಿ ಕೇಳುತ್ತಿರಲಿಲ್ಲ. ನೀರು ಮೆಲ್ಲಗೆ ಸೊಂಟಕ್ಕೆ ಬಂತು. ಅವನಿಗೆ ಏರಿ ಬರಲು ಮನಸ್ಸಿಲ್ಲವೋ, ದಾರಿ ಕಾಣುತ್ತಿಲ್ಲವೋ ತಿಳಿಯದು.

"ಆಲ್ಬರ್ಥಕ್ಕಾ, ಏಳು! ಬೆಂಡೆಕಾಯಿ ಸಾರು ತಳ ಹಿಡೀತಿದೆ, ಬೀದಿಗೆಲ್ಲ ವಾಸನೆ!"

ಪಕ್ಕದ ಮನೆಯ ವರ್ಡೆಲ್ ಮೆಟ್ಟಿಲು ಹತ್ತಿ ಬಂದು, ಒಳಗೆ ಹೋಗಿ ಒಲೆ ಆರಿಸಿ, ಹೊರಗೆ ಬಂದು ಎದುರಿನ ಮಣೆಯ ಮೇಲೆ ಕುಳಿತಳು. ಇಬ್ಬರೂ ಹೆದ್ದಾರಿಯ ಬದಿಯಲ್ಲಿ ಒಂದೇ ಗೂಡಂಗಡಿಯಲ್ಲಿ ಬುಟ್ಟಿ ಮಾರುವವರು. ಆಲ್ಬರ್ಥಾಳಿಗಿಂತ ಅವಳು ಚಿಕ್ಕವಳು, ಆದರೆ ಮಾತಿನಲ್ಲಿ ದೊಡ್ಡವಳು.

"ಕೂಟಾ ಬಂದ್ನಾ?"

"ಇಲ್ಲ ಕಣೇ. ಏಡಿ ಮಾರೋನು ಬಂದು ಹೇಳ್ದ. ನಿನ್ನೆ ಸೇತುವೆ ಮೇಲೆ ಪೊಲೀಸರು ಅವನ ಗಾಡಿ ನಿಲ್ಸಿ, ಕೈಗೆ ಬೇಡಿ ಹಾಕಿ ಕರ್ಕೊಂಡು ಹೋದ್ರಂತೆ."

"ನಿನ್ನೆ ಹಿಡ್ಕೊಂಡು ಹೋಗಿದ್ದಾರೆ, ನೀನು ಇವತ್ತು ಇಲ್ಲಿ ಬುಟ್ಟಿ ಹೆಣೀತಾ ಕೂತಿದ್ದೀಯಾ?"

"ಇನ್ನೇನು ಮಾಡ್ಲಿ? ಕನಸಲ್ಲಿ ಬರ್ತಾನೆ. ಎಲ್ಲಿದ್ದೀನಿ ಅಂತ ಅವನೇ ಹೇಳ್ತಾನೆ."

"ಬರ್ಲಿ ಬಿಡು. ಬಂದಾಗ ಫೋನ್ ನಂಬರೂ ಇಸ್ಕೋ."

ಆಲ್ಬರ್ಥಾ ನಗಲಿಲ್ಲ. ಅವಳ ಕಣ್ಣು ಕಿಟಕಿಯ ಹಲಗೆಯ ಮೇಲಿದ್ದ ಮಾತ್ರೆಯ ಡಬ್ಬಿಯ ಕಡೆಗಿತ್ತು. ಕೂಟಾನಿಗೆ ಚಿಕ್ಕಂದಿನಿಂದ ಮೂರ್ಛೆ ರೋಗ. ಹೊತ್ತು ಹೊತ್ತಿಗೆ ಮಾತ್ರೆ ಬಿದ್ದರೆ ಅವನು ಎಲ್ಲರಂತೆ ಬಲೆ ಎಳೆಯುತ್ತಾನೆ, ಹಾಡುತ್ತಾನೆ. ತಪ್ಪಿದರೆ ನಿಂತಲ್ಲೇ ಬಿದ್ದು ಒದ್ದಾಡುತ್ತಾನೆ. ನಿನ್ನೆ ಬೆಳಗಿನ ಮಾತ್ರೆ ನುಂಗಿ ಹೋದವನು ಆಮೇಲಿನದನ್ನು ತೆಗೆದುಕೊಂಡಿಲ್ಲ. ಅವಳಿಗೆ ಅದು ಗೊತ್ತು, ಗೊತ್ತಿದ್ದೂ ಕುಳಿತಿದ್ದಾಳೆ. ಹೆದರಿಕೆ ಅನ್ನುವುದು ಕೆಲವರನ್ನು ಓಡಿಸುತ್ತದೆ, ಕೆಲವರನ್ನು ಕುರ್ಚಿಗೆ ಕಟ್ಟಿಹಾಕುತ್ತದೆ.

"ಅಕ್ಕ, ಜೈಲಿಗೆ ಫೋನ್ ಮಾಡೋಣ."

"ಬೇಡ ಕಣೇ. ಕೇಳಿದ್ರೆ ನಮ್ಮನ್ನೂ ಬರ್ಕೋತಾರೆ. ಇವಳ್ಯಾರು, ಎಲ್ಲಿಯವಳು ಅಂತ ಶುರು ಮಾಡ್ತಾರೆ. ವಕೀಲರಿಲ್ದೆ ಅವ್ರ ಹತ್ರ ಬಾಯಿ ಬಿಡಬಾರ್ದು."

"ಯಾರಕ್ಕ ಹಾಗಂದಿದ್ದು? ಯಾರನ್ನ ಒಳಗೆ ಹಾಕಿದ್ದೀವಿ ಅಂತ ಜೈಲಿನವ್ರು ಊರಿಗೆಲ್ಲ ಕಾಣೋ ಹಾಗೆ ಬರೆದಿಡ್ತಾರೆ. ಯಾರು ಬೇಕಾದ್ರೂ ನೋಡ್ಬಹುದು. ಕಾರಣ ಹೇಳ್ಬೇಕಾಗಿಲ್ಲ, ದುಡ್ಡೂ ಕೊಡ್ಬೇಕಾಗಿಲ್ಲ. ನಮ್ಮವನನ್ನ ಹಿಡ್ಕೊಂಡು ಎಲ್ಲೋ ಬಚ್ಚಿಡೋ ಹಾಗಿಲ್ಲ ಅಂತಾನೇ ಆ ಪಟ್ಟಿ ಇರೋದು. ನನ್ನ ಗಂಡನ್ನ ಹಿಡಿದಾಗ ನಂಗೂ ಗೊತ್ತಿರ್ಲಿಲ್ಲ. ಠಾಣೆಯಿಂದ ಠಾಣೆಗೆ ಅಲೆದು ಚಪ್ಪಲಿ ಸವೀತು. ಕೊನೆಗೆ ನೋಡಿದ್ರೆ, ಒಂದು ಫೋನ್ ಮಾಡಿದ್ರೆ ಸಿಗ್ತಿದ್ದ ಆ ಮಾರಾಯ."

ವರ್ಡೆಲ್ ತಮ್ಮ ಕೌಂಟಿಯ, ಅಂದರೆ ಜಿಲ್ಲೆಯ, ಜೈಲಿಗೆ ಫೋನ್ ಹಚ್ಚಿದಳು. ಆ ಕಡೆಯವನು ಹೆಸರು ಕೇಳಿದ. "ಕೂಟಾ ವಿಗ್‌ಫಾಲ್" ಅಂದಳು. ಅಜ್ಜಿಯ ಮನೆತನ ವಿಗ್‌ಫಾಲ್. ಹುಡುಗನನ್ನು ಊರೆಲ್ಲ ಕೂಟಾ ಅಂತಲೇ ಕರೆಯುವುದು. ಸ್ವಲ್ಪ ಹೊತ್ತು ಕೀಲಿಮಣೆಯ ಟಕಟಕ ಕೇಳಿತು.

"ಆ ಹೆಸರಿನವ್ರು ಯಾರೂ ಇಲ್ಲ ಮೇಡಂ."

ಆಲ್ಬರ್ಥಾ ಚಮಚದ ಹಿಡಿಯನ್ನು ಕೆಳಗಿಟ್ಟಳು. "ನೋಡಿದ್ಯಾ? ಅವ್ನು ಜೈಲಲ್ಲಿಲ್ಲ. ನೀರಲ್ಲಿದ್ದಾನೆ. ನನ್ನ ಕನಸು ಸುಳ್ಳಾಗಲ್ಲ."

ವರ್ಡೆಲ್ ಫೋನ್ ಇಟ್ಟು ಮುದುಕಿಯನ್ನೇ ದಿಟ್ಟಿಸಿದಳು. "ಅಕ್ಕ, ಕೂಟಾ ಅನ್ನೋದು ಬುಟ್ಟಿ ಹೆಸರಲ್ವಾ?"

ಆ ದ್ವೀಪದಲ್ಲಿ ಮಗು ಇನ್ನೂ ಬುಟ್ಟಿಯಲ್ಲಿ ಮಲಗಿರುವಾಗಲೇ ಒಂದು ಹೆಸರು ಇಡುತ್ತಾರೆ. ಬದುಕಿರುವಷ್ಟು ಕಾಲ ಊರು ಕರೆಯುವುದು ಅದನ್ನೇ. ಆಮೆಯ ಮರಿಯಂತೆ ಕತ್ತು ಚಾಚುತ್ತಿದ್ದನಲ್ಲ, ಅದಕ್ಕೆ ಇವನು ಕೂಟಾ, ಅಂದರೆ ಆಮೆ. ಇನ್ನೊಂದು ಹೆಸರು ಕಾಗದದ್ದು. ಅದು ಶಾಲೆಗೆ, ಆಸ್ಪತ್ರೆಗೆ. ಎಷ್ಟೋ ಜನ ಅಕ್ಕಪಕ್ಕದವರ ಕಾಗದದ ಹೆಸರನ್ನು ಅವರು ಸತ್ತ ಮೇಲೆ ಚರ್ಚಿನಲ್ಲಿ ಓದಿದಾಗಲೇ ಮೊದಲು ಕೇಳುವುದು.

"ಹೇಳು ಅಕ್ಕ. ಕಾಗದದಲ್ಲಿ ಅವನ ಹೆಸರೇನು?"

ಆಲ್ಬರ್ಥಾ ಬುಟ್ಟಿಯನ್ನು ಎದೆಗವಚಿಕೊಂಡಳು. "ಹೇಳಲ್ಲ."

ಹೇಳದಿರಲು ಅವಳಿಗೆ ಕಾರಣವಿತ್ತು. ಕೂಟಾನ ತಾಯಿ, ಅವಳ ಒಬ್ಬಳೇ ಮಗಳು, ಮಗುವಿಗೆ ಕಾಗದದ ಹೆಸರನ್ನಿಟ್ಟು ಬಾಯ್ತುಂಬ ಕರೆದ ವಾರದಲ್ಲೇ ತೀರಿಕೊಂಡಳು. ನಿಜವಾದ ಹೆಸರು ಗೊತ್ತಾದರೆ ಕೆಟ್ಟದ್ದು ಬಾಗಿಲಿಗೆ ಬಂದು ಅದನ್ನೇ ಕೂಗಿ ಕರೆದೊಯ್ಯುತ್ತದೆ ಎಂದು ಹಿರಿಯರು ಹೇಳುತ್ತಿದ್ದರು. ಅಂದಿನಿಂದ ಆಲ್ಬರ್ಥಾ ಆ ಹೆಸರನ್ನು ತುಟಿ ಮೇಲೆ ತಂದಿಲ್ಲ. ಮಾತ್ರೆಯ ಡಬ್ಬಿ ತಂದ ದಿನವೇ ಔಷಧಿ ಅಂಗಡಿಯವರು ಅದರ ಮೇಲೆ ಬರೆದ ಅವನ ಹೆಸರನ್ನು ಉಗುರಿನಿಂದ ಕೆರೆದು ತೆಗೆಯುತ್ತಿದ್ದಳು. ಅವನನ್ನು ಉಳಿಸಿಕೊಳ್ಳಲು ಅವಳಿಗೆ ಗೊತ್ತಿದ್ದ ದಾರಿ ಅದೊಂದೇ.

ವರ್ಡೆಲ್ ನಗಲಿಲ್ಲ. ಅವಳ ಮನೆಯ ಚಾವಣಿಯೂ ನೀಲಿಯೇ. ಮೆತ್ತಗೆ ಹೇಳಿದಳು.

"ಅಕ್ಕ, ಹಿಡ್ಕೊಂಡು ಹೋದವ್ರಿಗೆ ಆ ಹೆಸರು ಆಗ್ಲೇ ಗೊತ್ತು. ಅವನ ಜೇಬಿನ ಲೈಸೆನ್ಸಲ್ಲೇ ಇದೆ. ಅವ್ರು ಅದನ್ನ ಬರ್ಕೊಂಡೂ ಆಯ್ತು, ಕೂಗಿದ್ದೂ ಆಯ್ತು. ಗೊತ್ತಿಲ್ದೇ ಇರೋದು ಹುಡುಕೋ ನಮಗೆ ಮಾತ್ರ. ಅಂಗೈಲಿ ಬೆಣ್ಣೆ ಇಟ್ಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ ಹಾಗಾಯ್ತಲ್ಲ ನಿನ್ನ ಕಥೆ."

ಗಾಳಿ ಬೀಸಿತು. ಓಕ್ ಮರದ ಕೊಂಬೆಗಳಿಂದ ಇಳಿಬಿದ್ದ ಬೂದು ಪಾಚಿ ಅತ್ತಿತ್ತ ತೂಗಿತು. ಚಾವಣಿಯ ನೀಲಿ ಅಲುಗಿತು. ಆಲ್ಬರ್ಥಾಳಿಗೆ ಸೊಂಟದುದ್ದ ನೀರಿನಲ್ಲಿ ನಿಂತ ಹುಡುಗ ಎಚ್ಚರದಲ್ಲೇ ಕಂಡ. ಅವಳು ಅರ್ಧ ಹೆಣೆದ ಬುಟ್ಟಿಯನ್ನು ಮುಖದ ಹತ್ತಿರ ಎತ್ತಿಕೊಂಡು, ಗಾಳಿಗೂ ಕೇಳಬಾರದೆಂಬಂತೆ ಅದರೊಳಗೆ ಬಾಯಿಟ್ಟು ಹೇಳಿದಳು. ವರ್ಡೆಲ್ ಬುಟ್ಟಿಗೆ ಕಿವಿ ಹಚ್ಚಿದಳು.

"ಆಮೋಸ್. ಆಮೋಸ್ ಗ್ಯಾಡ್ಸನ್. ಗ್ಯಾಡ್ಸನ್ ಅವರಪ್ಪನ ಮನೆತನ."

"ಹುಟ್ಟಿದ ದಿನ?"

ಅದನ್ನೂ ಬುಟ್ಟಿಯೊಳಗೇ ಹೇಳಿದಳು.

ವರ್ಡೆಲ್ ಫೋನಿನಲ್ಲಿ ಜೈಲಿನ ಪಟ್ಟಿ ತೆರೆದಳು. "ಮೊದಲು ಮನೆತನದ ಹೆಸರು ಹಾಕ್ಬೇಕು. ಅವನ ಹೆಸರಿಗೆ ಮೊದಲ ಅಕ್ಷರ ಹಾಕಿದ್ರೂ ಸಾಕು. ಅವ್ರೇನಾದ್ರೂ ತಪ್ಪು ಬರ್ಕೊಂಡಿದ್ರೂ ಆಗ ಸಿಗುತ್ತೆ."

ತಮ್ಮ ಕೌಂಟಿಯ ಪಟ್ಟಿಯಲ್ಲಿ ಆಮೋಸ್ ಗ್ಯಾಡ್ಸನ್ ಇರಲಿಲ್ಲ. ಆಲ್ಬರ್ಥಾ ಕಣ್ಣು ಮುಚ್ಚಿಕೊಂಡಳು. "ಹೆಸರೂ ಹೋಯ್ತು, ಹುಡುಗನೂ ಸಿಗ್ಲಿಲ್ಲ."

"ತಡಿ ಅಕ್ಕ. ಸೇತುವೆ ಮೇಲೆ ಹಿಡಿದ್ರು ಅಂದ್ಯಲ್ಲ, ಈಚೆ ಅರ್ಧದಲ್ಲೋ, ಆಚೆ ಅರ್ಧದಲ್ಲೋ?"

"ಏಡಿಯವ್ನು ತನ್ನ ಅಂಗಡಿಯಿಂದಲೇ ನೋಡಿದ್ದು. ಅದು ಆಚೆ ದಡದಲ್ಲಿದೆ."

"ಹಾಗಾದ್ರೆ ಅದು ಆಚೆ ಕೌಂಟಿ. ಹಿಡಿದ ಕಡೆಯವ್ರೇ ಒಳಗೆ ಹಾಕೋದು. ಮೀನಿಗೆ ಗಡಿ ಇಲ್ಲ, ಪೊಲೀಸರಿಗಿದೆ."

ಆಚೆ ಕೌಂಟಿಯ ಪಟ್ಟಿ ತೆರೆದು ಅದೇ ಹೆಸರು ಹಾಕಿದಳು. ಒಂದು ಮುಖ ಮೂಡಿತು. ಬೂದುಗೋಡೆಯ ಮುಂದೆ ಕೂಟಾ, ಕಣ್ಣು ಅರೆಮುಚ್ಚಿ, ತುಟಿಯ ಅಂಚು ಊದಿಕೊಂಡು. ಕೆಳಗೆ ಜೈಲಿನವರು ಅವನಿಗೆ ಕೊಟ್ಟ ಬುಕಿಂಗ್ ನಂಬರು, ಒಳಗೆ ಸೇರಿಸಿಕೊಂಡ ದಿನ, ಆರೋಪ. ಗಾಡಿಯ ಯಾವುದೋ ಹಳೆಯ ದಂಡದ ವಿಷಯಕ್ಕೆ ನ್ಯಾಯಾಲಯಕ್ಕೆ ಬಂದಿಲ್ಲ ಅಂತ ವಾರಂಟ್ ಇತ್ತಂತೆ. ಬೇರೇನೂ ಇಲ್ಲ.

ಆದರೆ ಆಲ್ಬರ್ಥಾ ಅಕ್ಷರಗಳನ್ನು ನೋಡುತ್ತಿರಲಿಲ್ಲ. ಆ ತುಟಿಯನ್ನು ನೋಡುತ್ತಿದ್ದಳು. ಮೂರ್ಛೆ ಬಂದು ಹೋದ ಮೇಲೆ ಅವನ ಮುಖ ಹೇಗಿರುತ್ತದೆಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರೂ ಇಲ್ಲ.

"ವರ್ಡೆಲ್, ಇವ್ನು ತುಟಿ ಕಚ್ಚಿಕೊಂಡಿದ್ದಾನೆ. ಒಂದ್ಸಲ ಬಿದ್ದಾಗಿದೆ. ಫೋನ್ ಕೊಡಿಲ್ಲಿ!"

ಕುರ್ಚಿಗೆ ಅಂಟಿಕೊಂಡಿದ್ದ ಮುದುಕಿ ಎದ್ದು, ಮಾತ್ರೆಯ ಡಬ್ಬಿ ಕೈಗೆತ್ತಿಕೊಂಡು ನಿಂತಿದ್ದಳು.

ವರ್ಡೆಲ್ ನಂಬರು ಒತ್ತಿ ಕೈಗೆ ಕೊಟ್ಟಳು. "ಬುಕಿಂಗ್ ನಂಬರು ಮೊದ್ಲು ಹೇಳು. ಆಮೇಲೆ ಜೈಲಿನ ನರ್ಸನ್ನ ಕೊಡಿ ಅಂತ ಕೇಳು. ಬೇರೆ ಯಾರಿಗೂ ಕಥೆ ಹೇಳ್ತಾ ಕೂರ್ಬೇಡ."

ನರ್ಸಿನ ದನಿ ದಣಿದಿತ್ತು. "ಆಮೋಸ್ ಗ್ಯಾಡ್ಸನ್? ಏನು ಕೇಳಿದ್ರೂ ತೊದಲ್ತಾನಮ್ಮ. ಕುಡಿದಿದ್ದಾನೆ ಅಂತ ಬರ್ಕೊಂಡಿದ್ದಾರೆ."

"ಅವ್ನು ಕುಡಿಯೋನಲ್ಲ ತಾಯಿ. ಅವನಿಗೆ ಮೂರ್ಛೆ ರೋಗ. ನಿನ್ನೆಯಿಂದ ಮಾತ್ರೆ ಇಲ್ಲ. ಡಬ್ಬಿ ನನ್ನ ಕೈಯಲ್ಲೇ ಇದೆ, ಬರ್ಕೊಳ್ಳಿ." ಮಾತ್ರೆಯ ಹೆಸರನ್ನೂ ಪ್ರಮಾಣವನ್ನೂ ಆಲ್ಬರ್ಥಾ ಅಕ್ಷರ ಅಕ್ಷರವಾಗಿ ಓದಿದಳು. "ನಾನೇ ಈಗ್ಲೇ ತಂದ್ಕೊಡ್ಲಾ?"

"ಹೊರಗಿನ ಮಾತ್ರೆ ನಾವು ತಗೊಳ್ಳೋ ಹಾಗಿಲ್ಲಮ್ಮ. ಔಷಧಿ ಅಂಗಡಿ ಯಾವುದು ಹೇಳಿ, ಕೇಳಿ ಖಚಿತ ಮಾಡ್ಕೊಂಡು ಇಲ್ಲಿಂದಲೇ ಕೊಡ್ತೀವಿ." ದನಿಯಲ್ಲಿದ್ದ ದಣಿವು ಹೋಗಿತ್ತು. "ನಾನೇ ಹೋಗಿ ನೋಡ್ತೀನಿ. ಫೋನ್ ಮಾಡಿದ್ದು ಒಳ್ಳೇದಾಯ್ತು."

ವರ್ಡೆಲ್ ನರ್ಸಿನ ಹೆಸರು ಕೇಳಿ ಬರೆದುಕೊಂಡಳು. ಆಮೇಲೆ ಇಬ್ಬರೂ ತಳ ಹಿಡಿದ ಸಾರನ್ನೇ ಅನ್ನಕ್ಕೆ ಹಾಕಿಕೊಂಡು ಉಂಡರು. ಅಷ್ಟು ರುಚಿಯಾದ ಸೀದ ಸಾರನ್ನು ಆಲ್ಬರ್ಥಾ ಹುಟ್ಟಿದಾಗಿನಿಂದ ಉಂಡಿರಲಿಲ್ಲ.

"ಅವ್ನು ಒಳಗಿಂದ ಫೋನ್ ಮಾಡಿದ್ರೆ ಊಟ ಆಯ್ತಾ, ಮಾತ್ರೆ ಆಯ್ತಾ ಅಂತಷ್ಟೇ ಕೇಳು," ಅಂದಳು ವರ್ಡೆಲ್. "ಏನು ನಡೀತು ಅಂತ ಕೆದಕ್ಬೇಡ. ಆ ಫೋನಲ್ಲಿ ಆಡಿದ್ದೆಲ್ಲ ರೆಕಾರ್ಡ್ ಆಗುತ್ತೆ. ಅದನ್ನ ವಕೀಲರ ಹತ್ರ ಹೇಳ್ಲಿ. ವಕೀಲರಿಗೆ ದುಡ್ಡು ಕೊಡಕ್ಕಾಗಲ್ಲ ಅಂದ್ರೆ, ಒಬ್ಬ ವಕೀಲರನ್ನ ಕೊಡಿ ಅಂತ ನ್ಯಾಯಾಲಯದಲ್ಲೇ ಕೇಳ್ಕೊಬಹುದು. ಇನ್ನೊಂದು, ಪೊಲೀಸ್ ಅಂತ ಹೇಳ್ಕೊಂಡು ಯಾರಾದ್ರೂ ಫೋನ್ ಮಾಡಿ, ದುಡ್ಡು ಕಳ್ಸು ಬಿಡಿಸ್ತೀನಿ ಅಂದ್ರೆ ತಕ್ಷಣ ಇಟ್ಬಿಡು. ಪಟ್ಟಿ ನಾವು ಮಾತ್ರ ನೋಡಲ್ಲ, ಕಳ್ಳರೂ ನೋಡ್ತಾರೆ."

ನ್ಯಾಯಾಲಯದ ದಿನ ಆಲ್ಬರ್ಥಾ ಚರ್ಚಿಗೆ ಹಾಕುವ ಟೋಪಿ ಹಾಕಿಕೊಂಡು ಮುಂದಿನ ಬೆಂಚಿನಲ್ಲೇ ಕುಳಿತಳು. "ಆಮೋಸ್ ಗ್ಯಾಡ್ಸನ್ ಕಡೆಯವರು ಯಾರು?" ಎಂದು ಗುಮಾಸ್ತ ಕೂಗಿದಾಗ, "ನಾನು" ಅಂದಳು, ಕೋಣೆಗೆಲ್ಲ ಕೇಳುವಂತೆ. ಕರೆದಾಗ ಬರುತ್ತೇನೆಂದು ಹುಡುಗನಿಂದ ಮಾತು ತೆಗೆದುಕೊಂಡು ನ್ಯಾಯಾಧೀಶರು ಅವನನ್ನು ಬಿಟ್ಟರು.

ಸೇತುವೆ ದಾಟುವಾಗ ಕೂಟಾ ಕಾರಿನ ಕಿಟಕಿಯಿಂದ ಜವುಗನ್ನು ನೋಡುತ್ತಿದ್ದ. ಉಬ್ಬರ ಏರುತ್ತಿತ್ತು.

"ಅಜ್ಜಿ, ಅಲ್ಲಿ ಮಲಗಿದ್ದಾಗ ನಾನು ನೀರಲ್ಲಿ ನಿಂತ ಹಾಗಿತ್ತು. ಮೇಲೆ ಬರೋಕೆ ದಾರೀನೇ ತಿಳೀತಿರ್ಲಿಲ್ಲ. ಆಗ ಯಾರೋ ಬಾಗಿಲಲ್ಲಿ ನಿಂತು, 'ಆಮೋಸ್ ಗ್ಯಾಡ್ಸನ್, ನಿಮ್ಮಜ್ಜಿ ಫೋನ್ ಮಾಡಿದ್ರು, ಏಳು' ಅಂತ ಕೂಗಿದ್ರು. ಆ ದನಿ ಹಿಡ್ಕೊಂಡೇ ಎದ್ದು ಬಂದೆ."

ಆಲ್ಬರ್ಥಾ ಅವನ ಕೈ ಹಿಡಿದುಕೊಂಡು ಮನೆಯವರೆಗೂ ಬಿಡಲಿಲ್ಲ. ಈಗ ಕಿಟಕಿಯ ಹಲಗೆಯ ಮೇಲೆ ಮಾತ್ರೆಯ ಹೊಸ ಡಬ್ಬಿ ಇದೆ. ಅದರ ಮೇಲಿನ ಹೆಸರನ್ನು ಯಾರೂ ಕೆರೆದಿಲ್ಲ.

ಇದನ್ನು ಓದುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಮನೆಯಲ್ಲೂ ಒಬ್ಬ ಕೂಟಾ ಇದ್ದಾನೆ. ಅವನ ಕಾಗದದ ಹೆಸರು, ಹುಟ್ಟಿದ ದಿನ, ನುಂಗುವ ಮಾತ್ರೆ ನಿಮಗೆ ಬಾಯಿಗೆ ಬರುತ್ತದೆಯೇ? ಬರದಿದ್ದರೆ ಇವತ್ತೇ ಕೇಳಿಟ್ಟುಕೊಳ್ಳಿ. ನಿಮ್ಮವರನ್ನು ಹಿಡಿದುಕೊಂಡು ಹೋದರೆ ಕನಸಿಗೆ ಕಾಯಬೇಡಿ. ಹಿಡಿದ ಜಾಗ ಯಾರ ಗಡಿಯೊಳಗಿದೆ ಎಂದು ತಿಳಿದುಕೊಂಡು ಆ ಜೈಲಿನ ಪಟ್ಟಿ ನೋಡಿ. ಹೆಸರು ಏರಲು ಒಮ್ಮೊಮ್ಮೆ ಕೆಲವು ಗಂಟೆ ಹಿಡಿಯುತ್ತದೆ, ಸಿಗದಿದ್ದರೆ ಫೋನ್ ಮಾಡಿ, ಪಕ್ಕದ ಕೌಂಟಿಯಲ್ಲೂ ಕೇಳಿ. ಕೇಳುವುದು ನಿಮ್ಮ ಹಕ್ಕು. ಮತ್ತೆ, ಆ ಪಟ್ಟಿಯಲ್ಲಿ ನೆರೆಯವರ ಮಗನ ಮುಖ ಕಂಡರೆ ನಾಲಿಗೆ ಬಿಗಿ ಹಿಡಿಯಿರಿ. ಹಿಡಿದ ಮಾತ್ರಕ್ಕೆ ಯಾರೂ ತಪ್ಪಿತಸ್ಥರಲ್ಲ.

ಮುದ್ದಿನ ಹೆಸರು ಮನೆಯೊಳಗೆ ಕರೆಯುವುದಕ್ಕೆ. ಕಾಗದದ ಹೆಸರು ಮನೆಗೆ ಕರೆತರುವುದಕ್ಕೆ. ಎರಡನ್ನೂ ಕಲಿತಿಟ್ಟುಕೊಳ್ಳಿ.