ಹೆಲಿಕಾಪ್ಟರಿನಲ್ಲಿ ಇನ್ನೊಂದು ಸೀಟು

ನನ್ನ ಹೆಂಡತಿಯ ತಮ್ಮ ಮಮುಯಾನನ್ನು ಕಿಲಿಮಂಜಾರೊ ಬಲಿ ತೆಗೆದುಕೊಂಡಿತು ಎಂದು ಊರಲ್ಲಿ ಹೇಳುತ್ತಾರೆ. ಬಾಯಿಲ್ಲದ ಬೆಟ್ಟದ ಮೇಲೆ ಗೂಬೆ ಕೂರಿಸುವುದು ಸುಲಭ. ಅವನ ಕೈಬಿಟ್ಟವನು ನಾನು, ಅವನು ಹೊರೆ ಹೊರುತ್ತಿದ್ದ ತಂಡದ ಮುಖ್ಯ ಗೈಡ್, ಅವನ ಸ್ವಂತ ಭಾವ.

ಪ್ರವಾಸಿಗಳ ಬೆರಳಿಗೆ ದಿನಕ್ಕೆರಡು ಸಲ ಕ್ಲಿಪ್ಪು ಹಾಕಿ ರಕ್ತದಲ್ಲಿ ಆಮ್ಲಜನಕ ಎಷ್ಟಿದೆ ಎಂದು ನೋಡುತ್ತೇವೆ. ಹೊರೆ ಹೊರುವವರ ಬೆರಳಿಗೆ ಹಾಕುವುದಿಲ್ಲ. ನಾವು ಚಗ್ಗಾ ಜನ, ಬೆಟ್ಟದ ಬುಡದಲ್ಲೇ ಹುಟ್ಟಿದವರು, ಬೆಟ್ಟದ ಕಾಯಿಲೆ ನಮ್ಮನ್ನೇನು ಮಾಡೀತು ಎಂಬ ಜಂಬ. ಶಿಖರಕ್ಕೆ ಹತ್ತಿರದ ಬರಾಫು ಶಿಬಿರದಲ್ಲಿ ಮಮುಯಾ ಕೆಮ್ಮತೊಡಗಿದಾಗ ಶುಂಠಿ ಚಹಾ ಕುಡಿಸಿ, "ಏನೋ, ಮದುಮಗಳ ಥರ ನಾಜೂಕು ಮಾಡ್ತೀಯಾ?" ಎಂದು ರೇಗಿಸಿದೆ. ಅವನೂ ನಕ್ಕ.

ಮರುದಿನ ಬೆಳಿಗ್ಗೆ ಡೆನ್ಮಾರ್ಕಿನಿಂದ ಬಂದಿದ್ದ ಕಿರ್ಸ್ಟನ್ ಎಂಬಾಕೆ ಜಾರಿ ಬಿದ್ದು ಕಾಲು ಮುರಿದುಕೊಂಡರು. ಹೆಲಿಕಾಪ್ಟರು ಬೇಕೆಂದು ಉಪಗ್ರಹ ಫೋನಿನಲ್ಲಿ ವಿಮೆಯವರಿಗೆ ಕಿರ್ಸ್ಟನ್ ಅವರ ಪಾಲಿಸಿ ಸಂಖ್ಯೆ ಓದಿ ಹೇಳಿದೆ.

"ರೋಗಿಗಳು ಎಷ್ಟು ಜನ?" ಎಂದು ಆ ಕಡೆಯವಳು ಕೇಳಿದಳು.

ಮಮುಯಾ ನನ್ನೆದುರಿಗೇ ಕೂತಿದ್ದ. ತುಟಿ ನೀಲಿಗಟ್ಟಿತ್ತು, ಉಸಿರೆಳೆದರೆ ಎದೆಯಲ್ಲಿ ಗೊರಗೊರ ಸದ್ದು. ಅವನಿಗೆ ಪಾಲಿಸಿ ಎಲ್ಲಿಂದ ಬರಬೇಕು? ಇಬ್ಬರು ಎಂದರೆ ಎರಡನೆಯವನ ಸಂಖ್ಯೆ ಕೇಳುತ್ತಾರೆ, ಅನುಮತಿ ತಡವಾಗುತ್ತದೆ, ಅಷ್ಟರಲ್ಲಿ ಮೋಡ ಕವಿದರೆ ಹೆಲಿಕಾಪ್ಟರೇ ಬರುವುದಿಲ್ಲ, ಕಂಪನಿಯವರು ನನ್ನ ಮೇಲೆ ಹರಿಹಾಯುತ್ತಾರೆ. ಹೇಡಿಗೆ ನೆಪಗಳು ಬೇಗ ಹೊಳೆಯುತ್ತವೆ.

"ಒಬ್ಬರು," ಎಂದೆ.

ಹೆಲಿಕಾಪ್ಟರು ಬಂತು. ಕಿರ್ಸ್ಟನ್‌ರನ್ನು ಎತ್ತಿ ಕೂರಿಸಿದೆವು. ಅವರ ಚೀಲ ಹೊತ್ತು ತಂದವನು ಮಮುಯಾನೇ.

"ಭಾವ, ಪಕ್ಕದ ಸೀಟು ಖಾಲಿ ಇದೆಯಲ್ಲ," ಎಂದ. "ನಾನೂ ಹೋಗ್ಲಾ? ಯಾಕೋ ಕೈಲಾಗ್ತಿಲ್ಲ."

"ಇಲ್ಲ ಕಣೋ, ಅದು ಅವರ ವಿಮೆಯವರು ಕಳಿಸಿದ್ದು. ಪೈಲಟ್ ಒಪ್ಪಲ್ಲ. ನಿಧಾನಕ್ಕೆ ನಡಿ, ಕೆಳಗಿಳಿದ್ರೆ ಎಲ್ಲ ಸರಿಹೋಗುತ್ತೆ."

"ಆಯ್ತು ಭಾವ."

ಪೈಲಟ್‌ನನ್ನು ನಾನು ಕೇಳಿರಲೇ ಇಲ್ಲ. ಮಮುಯಾ ಚೀಲವನ್ನು ಆ ಖಾಲಿ ಸೀಟಿನ ಮೇಲಿಟ್ಟು ಹಿಂದೆ ಸರಿದ.

ಇಳಿಯುವ ದಾರಿಯಲ್ಲಿ, ಮರಗಳು ಶುರುವಾಗುವ ಕಡೆ ಅವನು ಕೂತ. ಬಾಯಲ್ಲಿ ಕೆಂಪು ಬೆರೆತ ನೊರೆ ಬಂತು. ಬೆನ್ನ ಮೇಲೆ ಹಾಕಿಕೊಂಡು ಓಡಿದೆ, ದಾರಿಯುದ್ದಕ್ಕೂ ಮಾತಾಡಿಸಿದೆ, ಬೈದೆ, ಬೇಡಿಕೊಂಡೆ. ಕೆಳಗಿನ ಗೇಟು ತಲುಪುವಷ್ಟರಲ್ಲಿ ನನ್ನ ಬೆನ್ನ ಮೇಲಿದ್ದದ್ದು ಹೆಣ. ಆಮೇಲೆ ಸಾವಿನ ಸುದ್ದಿ ತಿಳಿದು ಕಿರ್ಸ್ಟನ್ ಬರೆದರು: ಜಾಗವಿತ್ತಲ್ಲ, ಒಂದು ಮಾತು ಹೇಳಬಾರದಿತ್ತೇ? ಆ ಕಾಗದವನ್ನು ಹೆಂಡತಿಗೆ ತೋರಿಸುವ ಧೈರ್ಯ ನನಗಿನ್ನೂ ಬಂದಿಲ್ಲ.

ನಮ್ಮಲ್ಲಿ ತಪ್ಪು ಮಾಡಿದವನು ಇಸಾಲೆ ಗಿಡದ ಎಲೆಯನ್ನು ಗಂಟು ಹಾಕಿ ಹಿಡಿದು ನೊಂದವರ ಬಳಿಗೆ ಹೋಗಬೇಕು. ಎಲೆ ನೀಡಿದವನನ್ನು ಕ್ಷಮಿಸುವುದಿಲ್ಲ ಎನ್ನುವಂತಿಲ್ಲ, ಅವನು ಅವರ ಮಗನ ಸಾವಿಗೇ ಕಾರಣನಾಗಿದ್ದರೂ. ಮಣ್ಣು ಮಾಡಿದ ಒಂಬತ್ತನೆಯ ದಿನ ಎಲೆ ಹಿಡಿದು ಅತ್ತೆಯ ಅಂಗಳಕ್ಕೆ ಹೋದೆ. ಅವರು ಬಾಳೆಕಾಯಿ ಸುಲಿಯುತ್ತಿದ್ದರು. ಎಲೆಯತ್ತ ನೋಡಿದರು, ಕೈ ಚಾಚಲಿಲ್ಲ.

"ಇದನ್ನ ಕೊಟ್ರೆ ಇಲ್ಲ ಅನ್ನೋಕಾಗಲ್ಲ ಅಂತ ಗೊತ್ತಿದ್ದೇ ತಂದಿದ್ದೀರಿ, ಅಲ್ವಾ ಅಳಿಯಂದ್ರೇ?"

"ಹೌದು," ಎಂದೆ.

"ಜೊತೆಗಿದ್ದವರು ಎಲ್ಲಾ ಹೇಳಿದ್ರು. ನನ್ನ ಮಗ ನಿಮ್ಮನ್ನ ಬರಿಗೈಲಿ ಕೇಳಿದ. ಇಲ್ಲ ಅನ್ನೋದು ನಿಮ್ಮ ಕೈಲಿತ್ತು, ಇಲ್ಲ ಅಂದ್ರಿ. ಆ ಎಲೆ ಕೆಳಗಿಡಿ. ನೀವೂ ಅವನ ಹಾಗೇ ಕೇಳಿ."

ಎಲೆಯನ್ನು ನೆಲದ ಮೇಲಿಟ್ಟೆ. ಮಂಡಿಯೂರಿದೆ.

"ಅತ್ತೆ, ನನ್ನನ್ನ ಕ್ಷಮಿಸ್ತೀರಾ?"

ಅವರು ಬಾಳೆಕಾಯಿ ಕೆಳಗಿಟ್ಟು ನನ್ನತ್ತ ತಿರುಗಿದರು. ಕಣ್ಣಲ್ಲಿ ನೀರು ತುಂಬಿತ್ತು.

"ಇಲ್ಲಪ್ಪ," ಎಂದರು. "ನನ್ನ ಕೈಲಿ ಆಗಲ್ಲ."