ನಾಗಕ್ಕನ ಜಗಲಿಯ ಬಸಳೆ

ನಾಗಕ್ಕನ ಮನೆಯಲ್ಲಿ ಮೂರನೇ ಸಲವೂ ಬಸಳೆ ಸತ್ತಾಗ ನನಗೆ ನಾಗಕ್ಕನ ಮೇಲೆಯೇ ಅನುಮಾನ ಬಂತು. ಸಸಿಗಳನ್ನು ಯಾರಿಗೋ ಮಾರಿಕೊಂಡು, ನನ್ನೆದುರು ಒಣಗಿದ ಕಡ್ಡಿ ತೋರಿಸುತ್ತಿದ್ದಾಳೋ ಏನೋ. ಬಸುರಿಯರಿರುವ ಮನೆಗಳಲ್ಲಿ ಸೊಪ್ಪು, ತರಕಾರಿ ಬೆಳೆಸುವುದು ನನ್ನ ಕೆಲಸ. ಅಂಕೋಲೆಯ ಮಹಿಳಾ ಸಂಘದಿಂದ ಸಸಿ ಹೊತ್ತುಕೊಂಡು ಅವರ್ಸಾ ಊರಿನ ಮನೆಮನೆ ತಿರುಗುತ್ತೇನೆ. ಬಿತ್ತಲು ಅಲಸಂದೆ ಬೀಜ ಕೊಟ್ಟರೆ ಅದನ್ನೇ ಸಾರು ಮಾಡಿ ಉಂಡವರನ್ನು ಕಂಡಿದ್ದೇನೆ. ಹಾಗಾಗಿ ಯಾರನ್ನೂ ಪೂರ್ತಿ ನಂಬುವ ಅಭ್ಯಾಸ ನನಗಿಲ್ಲ.

ಆದರೆ ನಾಗಕ್ಕನ ಸೊಸೆ ಪ್ರೇಕ್ಷಾಳ ಮುಖ ನೋಡಿದರೆ ಬೈಯಲು ಬಾಯಿ ಬರುತ್ತಿರಲಿಲ್ಲ. ಏಳು ತಿಂಗಳ ಬಸುರಿ, ಮೈಯಲ್ಲಿ ರಕ್ತವೇ ಇಲ್ಲ. ಹೋದ ಸಲದ ಹೆರಿಗೆಯಲ್ಲಿ ಮಗು ಉಳಿಯಲಿಲ್ಲ, ಅವಳು ಉಳಿದದ್ದೇ ಹೆಚ್ಚು. ಮಾತ್ರೆಯ ಜೊತೆ ಸೊಪ್ಪನ್ನೂ ಚೆನ್ನಾಗಿ ತಿನ್ನದಿದ್ದರೆ ಈ ಸಲವೂ ಕಷ್ಟ ಎಂದು ಡಾಕ್ಟರು ಹೇಳಿಬಿಟ್ಟಿದ್ದರು.

ಮೊದಲ ಸಸಿಗಳು ಹಿತ್ತಲಲ್ಲಿ ಮಳೆಗೆ ಕೊಳೆತವು. ಆಮೇಲೆ ಸಿಮೆಂಟಿನ ಖಾಲಿ ಚೀಲಗಳಿಗೆ ಮಣ್ಣು ತುಂಬಿ, ಮಳೆ ಬೀಳದ ಹಾಗೆ ಹಿಂದಿನ ಜಗಲಿಯಲ್ಲಿ ನೆಟ್ಟೆವು. ಅಲ್ಲೂ ಎರಡು ಸಲ ಎಲೆಯ ಅಂಚು ಸುಟ್ಟಂತಾಗಿ ಉದುರಿತು. ಪಕ್ಕದ ಮನೆಯ ಬೇಬಿಯ ಜಗಲಿಯಲ್ಲಿ ಮಿಕ್ಕವೆಂದು ನಾನೇ ಕೊಟ್ಟ ಅದೇ ಸಸಿಗಳು ಮಾಡಿನ ಹೆಂಚು ಮುಟ್ಟಿದ್ದವು.

"ಮಂದಾಕಿನಿ ಅಕ್ಕೋರೆ, ಇದು ಆ ಬೇಬಿದೇ ಕೆಲ್ಸ," ನಾಗಕ್ಕ ಪಿಸುಗುಟ್ಟಿದಳು. "ತೆಂಗಿನ ಗರಿ ಬಿದ್ದ ಜಗಳ ಆದಾಗಿಂದ ನಮ್ಗೆ ಮಾತಿಲ್ಲ. ನಾ ಹಾಲು ತರೂಕೆ ಹೋದಾಗ ಬಂದು ಏನೋ ಸುರೀತಾಳೆ. ಚೀಲದ ಬುಡ ಒದ್ದೆ ಇರ್ತದೆ."

ನನ್ನ ಅನುಮಾನ ಬೇಲಿ ಹಾರಿ ಬೇಬಿಯ ಕಡೆ ಹೋಯಿತು. ಮರುದಿನ ಬೆಳಿಗ್ಗೆ ನಾಗಕ್ಕ ಹಾಲಿಗೆ ಹೊರಟಂತೆ ಮಾಡಿ ಸುತ್ತು ಹಾಕಿ ಬಂದಳು. ಇಬ್ಬರೂ ಬಚ್ಚಲಿನ ಹಿಂದೆ ನಿಂತೆವು. ಬೇಬಿ ಬಂದಳು. ಕೈಯಲ್ಲಿ ತಪ್ಪಲೆ. ಅತ್ತ ಇತ್ತ ನೋಡಿ, ಎಲ್ಲ ಚೀಲಕ್ಕೂ ಸಮನಾಗಿ ಸುರಿದಳು.

ನಾಗಕ್ಕ ಹಾರಿಹೋಗಿ ಅವಳ ರಟ್ಟೆ ಹಿಡಿದಳು. "ಎಂತಾ ಹೊಯ್ದೆ? ನನ್ನ ಸೊಸಿ ಹೊಟ್ಟಿ ಮೇಲೆ ಎಂತಾ ಮಾಡ್ಸಿದೆ?"

"ಮೀನು ತೊಳ್ದ ನೀರು ನಾಗಕ್ಕಾ!" ಬೇಬಿ ತಪ್ಪಲೆಯನ್ನು ಮುಂದೆ ಚಾಚಿದಳು. "ಬಸಳೆಗೆ ಅದಕ್ಕಿಂತ ಒಳ್ಳೇದು ಎಂತದದೆ? ನಮ್ಮನೆ ಬಳ್ಳಿಗೆ ಒಂದು ಹನಿನೂ ಹಾಕ್ಲಿಲ್ಲ. ಬಸುರಿ ಹುಡುಗಿ ಹೇಳಿ ಎಲ್ಲಾ ಇಲ್ಲೇ ತಂದು ಹೊಯ್ದೆ."

ಅವಳು ಹೇಳಿದ್ದು ಸುಳ್ಳಲ್ಲ. ನಮ್ಮ ಕಡೆ ಬಸಳೆ ಬೆಳೆಯುವುದೇ ಆ ನೀರಿನಲ್ಲಿ. ಆದರೂ ತಪ್ಪಲೆಯ ತಳಕ್ಕೆ ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿದೆ. ಬರೀ ಉಪ್ಪು.

"ಯಾವ ಮೀನು ಇದು?"

"ಮಳೆಗಾಲ ಅಲ್ವಾ, ದೋಣಿ ಎಲ್ಲಾ ದಡದ ಮೇಲದಾವೆ. ಈಗೆಂತಾ ಸಿಗ್ತದೆ? ಉಪ್ಪು ಹಾಕಿದ ಒಣ ಬಂಗಡೆ..." ಬೇಬಿ ಅಲ್ಲಿಗೇ ನಿಲ್ಲಿಸಿ ಬಾಯಿ ಮುಚ್ಚಿಕೊಂಡಳು.

ಮಳೆ ಬೀಳದ ಚೀಲದ ಮಣ್ಣಿನಲ್ಲಿ ಆ ಉಪ್ಪೆಲ್ಲ ಹಾಗೇ ಕೂತಿತ್ತು. ತನ್ನ ಬಳ್ಳಿಗೆ ಹಾಕದೆ ಉಳಿಸಿ ತಂದದ್ದೇ ಪಕ್ಕದ ಮನೆಯ ಬಳ್ಳಿಯನ್ನು ಕೊಂದಿತ್ತು.

ಬೇಬಿಯ ಕಣ್ಣು ತುಂಬಿತು. "ಹಂಗಾರೆ ನಾ ಬೇಲಿಗೆ ಸಿಕ್ಸಿ ಹೋದ ಸೊಪ್ಪಾದ್ರೂ ಹುಡುಗಿ ತಿಂದ್ಳಲ್ಲ? ಚಿಗುರಿದಾಗೆಲ್ಲಾ ಒಂದೊಂದು ಕಟ್ಟು ಇಟ್ಟಿದ್ದೆ."

ಇದು ನನಗೆ ಗೊತ್ತೇ ಇರಲಿಲ್ಲ. ನಾಗಕ್ಕನ ಕಡೆ ನೋಡಿದೆ. ಅವಳು ರಟ್ಟೆ ಬಿಟ್ಟು ಹಿಂದೆ ಸರಿದಳು.

"ಕಾಲುವೆಗೆ ಒಗ್ದೆ," ಎಂದಳು. "ಎಂತಾ ಹಾಕಿ ಕೊಟ್ಟಿದ್ಯೋ ಹೇಳಿ ಹೆದ್ರಿಕೆ ಆಯ್ತು."

ನನಗೆ ನಖಶಿಖಾಂತ ಉರಿಯಿತು. ಒಳಗೊಬ್ಬಳು ನಾಲ್ಕು ಹೆಜ್ಜೆ ನಡೆದರೆ ಏದುಸಿರು ಬಿಡುತ್ತಾಳೆ, ಇವಳು ಸೊಪ್ಪನ್ನು ನೀರಿಗೆ ಬಿಡುತ್ತಾಳೆ! ಬೈಯಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಪ್ರೇಕ್ಷಾ ಹೊರಗೆ ಬಂದಳು. ಎಲ್ಲ ಕೇಳಿಸಿಕೊಂಡಿದ್ದಳು. ಬೇಲಿ ಹಿಡಿದುಕೊಂಡು ನಡೆದು ಬೇಬಿಯ ಅಡುಗೆಮನೆಯಲ್ಲಿ ಹೋಗಿ ಕೂತಳು.

"ಹಸಿವಾಗ್ತದೆ ಬೇಬಕ್ಕಾ."

ನಾವು ಹಿಂದೆಯೇ ಹೋದೆವು. ಒಲೆಯ ಮೇಲೆ ಬೇಳೆ ಹಾಕಿದ ಬಸಳೆ ಸಾರು ಇತ್ತು. ಬೇಬಿ ಬಟ್ಟಲಿಗೆ ಅನ್ನ ಹಾಕಿ, ಸೌಟು ಎತ್ತಿದವಳು ಹಾಗೇ ನಿಂತಳು. ಹೊಸ್ತಿಲ ಆಚೆ ನಿಂತಿದ್ದ ನಾಗಕ್ಕನನ್ನೇ ನೋಡುತ್ತಾ ಸಾರನ್ನು ತನ್ನ ಅಂಗೈಗೆ ಬಿಟ್ಟುಕೊಂಡು ಕುಡಿದು ನುಂಗಿದಳು.

"ಈಗ ಹಾಕ್ಲಾ, ನಾಗಕ್ಕಾ?"

ನಾಗಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡು, ಹಾಕು ಎಂಬಂತೆ ತಲೆಯಾಡಿಸಿದಳು.